ಗೆದ್ದ ಸೈನಿಕನ ಕೈಗೆ ಸಿಕ್ಕ ಕಾಗದ

ಕೇಳುಗರಿಗೆಲ್ಲ ನಮಸ್ಕಾರ. ಕಾರ್ನ್‌ವಾಲಿಸ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಶ್ರೀರಂಗಪಟ್ಟಣ, 1792ರ ಒಪ್ಪಂದ, ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆಯಾಗಿ ಕರ್ಕೊಂಡು ಹೋಗಿದ್ದು. ಅದೇ ಕಾರ್ನ್‌ವಾಲಿಸ್ ಅದಕ್ಕೂ ಹನ್ನೊಂದು ವರ್ಷ ಮುಂಚೆ, 1781ರ ಅಕ್ಟೋಬರ್ 19ಕ್ಕೆ, ಅಮೆರಿಕದ ಯಾರ್ಕ್‌ಟೌನ್ ಅನ್ನೋ ಊರಲ್ಲಿ ಅಮೆರಿಕನ್ನರ ಸೇನಾಪತಿ ವಾಷಿಂಗ್ಟನ್ ಮುಂದೆ ಸೋತಿದ್ದ. ಶರಣಾಗೋ ಹೊತ್ತಿಗೆ ಹುಷಾರಿಲ್ಲ ಅಂತ ಹೇಳಿ ತಾನು ಬರ್ಲೇ ಇಲ್ಲ, ಕೈಕೆಳಗಿನ ಅಧಿಕಾರಿನ ಕಳಿಸ್ದ, ಅದಕ್ಕೆ ವಾಷಿಂಗ್ಟನ್ ಕೂಡ ತಾವು ಮುಂದೆ ಬರ್ದೆ ತಮ್ಮ ಕೈಕೆಳಗಿನ ಜನರಲ್ ಬೆಂಜಮಿನ್ ಲಿಂಕನ್ ಕಡೆ ತೋರಿಸಿದ್ರು. ಈ ಲಿಂಕನ್ ಹೆಸರು ನೆನಪಲ್ಲಿಟ್ಕೊಳಿ, ಮುಂದೆ ಅಧ್ಯಕ್ಷರಾದ ಲಿಂಕನ್ ಬೇರೆ, ಇವರು ಬೇರೆ.

ಅಮೆರಿಕದವರಿಗೂ ಬ್ರಿಟಿಷರಿಗೂ ಜಗಳ ಶುರುವಾದ ಕಥೆ ನಿಮಗೆ ಗೊತ್ತಿರೋದೇ. ನಮ್ಮ ಕಡೆಯವರು ಒಬ್ಬರೂ ಇಲ್ದಿರೋ ಲಂಡನ್ ಪಾರ್ಲಿಮೆಂಟು ನಮ್ಮ ಮೇಲೆ ತೆರಿಗೆ ಹಾಕೋದೇನು ಅಂತ ಅಮೆರಿಕದ 13 ಬ್ರಿಟಿಷ್ ವಸಾಹತುಗಳ ಜನ ಸಿಟ್ಟಾದ್ರು, 1773ರಲ್ಲಿ ಬಾಸ್ಟನ್ ಬಂದರಲ್ಲಿ ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಟೀ ಸಮುದ್ರಕ್ಕೆ ಸುರಿದ್ರು, 1775ರಲ್ಲಿ ಗುಂಡು ಹಾರಿತು, 1776ರ ಜುಲೈ 4ಕ್ಕೆ ಸ್ವಾತಂತ್ರ್ಯ ಘೋಷಣೆ ಆಯ್ತು, ಆಮೇಲೆ ಫ್ರಾನ್ಸ್ ಕೈಜೋಡಿಸ್ತು, 1783ರಲ್ಲಿ ಯುದ್ಧ ಮುಗಿಸಿದ ಪ್ಯಾರಿಸ್ ಒಪ್ಪಂದ. ನಾನು ಇವತ್ತು ಹೇಳ್ಬೇಕು ಅಂದ್ಕೊಂಡಿರೋದು ಗೆದ್ದಾದ್ಮೇಲೆ ಮನೆಗೆ ಹೋದ ಸೈನಿಕನ ಕಥೆ.

ಅವನ ಕೈಗೆ ಸಂಬಳ ಸಿಗ್ಲಿಲ್ಲ. ಮುಂದೆ ಕೊಡ್ತೀವಿ ಅಂತ ಬರೆದ ಒಂದು ಕಾಗದ ಸಿಕ್ತು. ಯಾಕಂದ್ರೆ ಆಗಿನ ಕಾಂಗ್ರೆಸ್ಸಿಗೆ, ಅಂದ್ರೆ ಅಮೆರಿಕದ ಕೇಂದ್ರ ಸಭೆಗೆ, ತೆರಿಗೆ ಹಾಕೋ ಅಧಿಕಾರಾನೇ ಇರ್ಲಿಲ್ಲ, ರಾಜ್ಯಗಳ ಹತ್ರ ದುಡ್ಡು ಕೊಡಿ ಅಂತ ಕೇಳ್ಬೇಕು, ಅವ್ರು ಕೊಟ್ರೆ ಉಂಟು ಇಲ್ದಿದ್ರೆ ಇಲ್ಲ. ಹೊರಗಿಂದ ಬರೋ ಸಾಮಾನಿನ ಮೇಲೆ ನೂರಕ್ಕೆ 5 ಸುಂಕ ಹಾಕೋಣ ಅಂದ್ರೆ 13 ರಾಜ್ಯಾನೂ ಒಪ್ಪಬೇಕಿತ್ತು, ಪುಟ್ಟ ರೋಡ್ ಐಲೆಂಡ್ ಬೇಡ ಅಂತು, ಅಲ್ಲಿಗೆ ಮುಗೀತು. ರಾಜನ ಕಾಟ ಕಂಡ ಜನ ಇನ್ನೊಬ್ಬ ರಾಜನನ್ನ ತಲೆ ಮೇಲೆ ಕೂರಿಸ್ಕೊಳ್ಳೋದು ಬೇಡ ಅಂತ ಕೇಂದ್ರದ ಕೈ ಕಟ್ಟಿಹಾಕಿದ್ರು, ಆ ಭಯ ನನಗೆ ಅರ್ಥ ಆಗುತ್ತೆ, ಆದ್ರೆ ಅದರ ಏಟು ಬಿದ್ದಿದ್ದು ಬಡ ರೈತನ ಬೆನ್ನಿಗೆ.

ಮ್ಯಾಸಚೂಸೆಟ್ಸ್ ರಾಜ್ಯ ತೆರಿಗೆನ ಬೆಳ್ಳಿ ನಾಣ್ಯದಲ್ಲೇ ಕಟ್ಟಿ ಅಂತು. ರೈತನ ಹತ್ರ ನಾಣ್ಯ ಎಲ್ಲಿಂದ ಬರ್ಬೇಕು, ಇರೋದು ಆ ಸೈನ್ಯದ ಕಾಗದ ಒಂದೇ, ಅದನ್ನೇ ಸಿಕ್ಕಷ್ಟಕ್ಕೆ ಮಾರಿದ್ರು, ನಮ್ಮ ಹಳೇ ಲೆಕ್ಕದಲ್ಲಿ ಹೇಳೋದಾದ್ರೆ ರೂಪಾಯಿಗೆ ಎರಡಾಣೆ ಮೂರಾಣೆಗೆ. ಅದೂ ಸಾಲದೆ ಕೋರ್ಟು ಹೊಲ, ದನ ಜಪ್ತಿ ಮಾಡೋಕೆ ಶುರು ಮಾಡ್ತು. 1786ರಲ್ಲಿ ಜನ ಎದ್ದು ಕೋರ್ಟುಗಳ ಬಾಗಿಲಿಗೇ ಹೋಗಿ ನಿಂತು ಕಲಾಪ ನಿಲ್ಲಿಸಿದ್ರು. ಮುಂದಾಳುಗಳಲ್ಲಿ ಒಬ್ಬ ಡೇನಿಯಲ್ ಶೇಸ್, ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು. ಅವನ ಜೊತೆಗಿದ್ದವರಲ್ಲಿ ಎಷ್ಟೋ ಜನ ಬ್ರಿಟಿಷರ ಎದುರು ಹೋರಾಡಿ ಬಂದವರೇ. 1787ರ ಜನವರಿಯಲ್ಲಿ ಅವ್ರು ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಕಡೆ ಹಿಮದಲ್ಲಿ ನಡ್ಕೊಂಡು ಹೋದಾಗ ಅಲ್ಲಿ ಕಾವಲಿದ್ದ ಸೈನ್ಯ ಫಿರಂಗಿ ಹಾರಿಸ್ತು, ಇವರಲ್ಲಿ ನಾಲ್ಕು ಜನ ಸತ್ರು. ಉಳಿದವರನ್ನ ಅಟ್ಟಿಸ್ಕೊಂಡು ಹೋದ ಸೈನ್ಯಕ್ಕೆ ದುಡ್ಡು ಕೊಟ್ಟಿದ್ದು ಸಾಹುಕಾರರು, ಆ ಸೈನ್ಯದ ನಾಯಕ ಯಾರು ಗೊತ್ತಾ, ಯಾರ್ಕ್‌ಟೌನಲ್ಲಿ ಶರಣಾಗತಿ ಸ್ವೀಕರಿಸಿದ ಅದೇ ಬೆಂಜಮಿನ್ ಲಿಂಕನ್. ಒಂದೇ ಯುದ್ಧದಲ್ಲಿ ಒಂದೇ ಕಡೆ ಇದ್ದವರು ಹೀಗೆ ಎದುರುಬದುರು ನಿಲ್ಲೋ ಹಾಗಾಯ್ತಲ್ಲ ಅಂತ ನೆನೆಸ್ಕೊಂಡ್ರೆ ನನಗೆ ಸಂಕಟ ಆಗುತ್ತೆ.

ಈ ಗಲಾಟೆ ದೇಶದ ದೊಡ್ಡವರಿಗೆಲ್ಲ ಹೆದರಿಕೆ ಹುಟ್ಟಿಸ್ತು. ಅದೇ ವರ್ಷ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಫಿಲಡೆಲ್ಫಿಯಾದಲ್ಲಿ 55 ಜನ, ಮಾತು ಹೊರಗೆ ಹೋಗ್ಬಾರ್ದು ಅಂತ ಬೇಸಿಗೆಯಲ್ಲೂ ಕಿಟಕಿ ಮುಚ್ಕೊಂಡು ಕೂತು ಸಂವಿಧಾನ ಬರೆದ್ರು. ರೋಡ್ ಐಲೆಂಡ್ ಯಾರನ್ನೂ ಕಳಿಸ್ಲಿಲ್ಲ. ದೊಡ್ಡ ರಾಜ್ಯ ಸಣ್ಣ ರಾಜ್ಯ ಅಂತ ಜಗಳ ಆಗಿ, ಒಂದು ಸದನದಲ್ಲಿ ಜನಸಂಖ್ಯೆ ಲೆಕ್ಕ, ಇನ್ನೊಂದರಲ್ಲಿ ಎಲ್ಲ ರಾಜ್ಯಕ್ಕೂ ಸಮ ಅಂತ ರಾಜಿ ಆಯ್ತು, ಕೇಂದ್ರಕ್ಕೆ ತೆರಿಗೆ ಹಾಕೋ ಅಧಿಕಾರ ಸಿಕ್ತು. ಗುಲಾಮರನ್ನ ಐದರಲ್ಲಿ ಮೂರು ಪಾಲು ಮನುಷ್ಯರು ಅಂತ ಎಣಿಸಿದ್ದೂ ಅದೇ ಕೋಣೆಯಲ್ಲಿ, ಆ ಗಾಯ ಮುಂದೆ ಎಷ್ಟು ರಕ್ತ ಕೇಳ್ತು ಅನ್ನೋದು ಬೇರೆ ದಿನದ ಮಾತು. 1788ರಲ್ಲಿ ಒಂಬತ್ತನೇ ರಾಜ್ಯ ಒಪ್ಪಿದ್ಮೇಲೆ ಅದು ಜಾರಿಗೆ ಬಂತು, 1789ರ ಏಪ್ರಿಲ್ 30ಕ್ಕೆ ವಾಷಿಂಗ್ಟನ್ ನ್ಯೂಯಾರ್ಕಲ್ಲಿ ಮೊದಲ ಅಧ್ಯಕ್ಷರಾಗಿ ಪ್ರಮಾಣವಚನ ತಗೊಂಡ್ರು, 1791ರಲ್ಲಿ ಜನರ ಹಕ್ಕುಗಳ ಹತ್ತು ತಿದ್ದುಪಡಿನೂ ಸೇರಿದ್ವು.

ಇನ್ನು ಆ ಕಾಗದ. 1790ರಲ್ಲಿ ಖಜಾನೆ ಮಂತ್ರಿ ಹ್ಯಾಮಿಲ್ಟನ್, ಹಳೇ ಸಾಲದ ಕಾಗದಕ್ಕೆಲ್ಲ ಸರ್ಕಾರ ಪೂರ್ತಿ ಬೆಲೆ ಕೊಡ್ಲಿ ಅಂದ್ರು, ಈಗ ಯಾರ ಕೈಲಿದ್ಯೋ ಅವರಿಗೆ. ಪ್ರತಿನಿಧಿ ಸಭೆಯ ಸದಸ್ಯ ಮ್ಯಾಡಿಸನ್ ಎದ್ದು ನಿಂತು, ಕಷ್ಟಕ್ಕೆ ಮಾರ್ಕೊಂಡ ಸೈನಿಕನಿಗೂ ಒಂದು ಪಾಲು ಸಿಗ್ಲಿ ಅಂತ ಕೇಳಿದ್ರು. ಸಭೆಯಲ್ಲಿ 36 ಜನ ಬೇಡ ಅಂದ್ರು, 13 ಜನ ಹೂಂ ಅಂದ್ರು. ಶೇಸ್‌ಗೆ ಆಗ್ಲೇ ಕ್ಷಮೆ ಸಿಕ್ಕಿತ್ತು, ಊರು ಬಿಟ್ಟು ನ್ಯೂಯಾರ್ಕ್ ಕಡೆ ಹೋಗಿ ಬಡತನದಲ್ಲೇ ಬದುಕಿದ, ಯುದ್ಧದಲ್ಲಿ ಸೇವೆ ಮಾಡಿದ್ದಕ್ಕೆ ಅಂತ ಸರ್ಕಾರದ ಪಿಂಚಣಿ ಅವನ ಕೈ ಸೇರಿದ್ದು ಮುದುಕ ಆದ್ಮೇಲೆ.

ನಮಸ್ಕಾರ.