50 ಜನ ಇದ್ದರೆ ಕ್ರೆಶ್ ಇರಲೇಬೇಕು

ಕೇಳುಗರಿಗೆ ನಮಸ್ಕಾರ. ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿ ಡಬ್ಬಿ ಕಟ್ಟುತ್ತಾ ಕೇಳುತ್ತಿರುವ ಅಕ್ಕಂದಿರೇ, ಇವತ್ತು ಒಂದೇ ಮಾತು. ನಿಮ್ಮ ಕಾರ್ಖಾನೆಯಲ್ಲಿ, ಆಫೀಸಿನಲ್ಲಿ 50 ಜನ ಕೆಲಸಗಾರರಿದ್ದರೆ ಕ್ರೆಶ್, ಅಂದರೆ ನೀವು ಕೆಲಸದಲ್ಲಿರುವಾಗ ಮಕ್ಕಳನ್ನು ನೋಡಿಕೊಳ್ಳುವ ಜಾಗ, ಇರಲೇಬೇಕು. 50 ಹೆಂಗಸರಲ್ಲ, 50 ಜನ. ಗಂಡಸರೂ ಲೆಕ್ಕಕ್ಕೆ ಬರುತ್ತಾರೆ.

2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. ರಜೆ 12 ವಾರದಿಂದ 26 ವಾರ ಆಯಿತು. ಇದು ಎಲ್ಲರಿಗೂ ಗೊತ್ತು. ಜೊತೆಗೇ ಬಂದ ಕ್ರೆಶ್ ವಿಷಯವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿ ಬರಬಹುದು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ಇದೆ.

ಪೀಣ್ಯದ ಕಡೆ ಒಬ್ಬ ಹೆಣ್ಣುಮಗಳು. ಮಗುವನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಈಗ ಅತ್ತೆಯನ್ನು ನೋಡಬೇಕೋ, ಮಗುವನ್ನೋ, ಮೆಷಿನ್ನನ್ನೋ? ರಜೆ ಹಾಕಿದರೆ ಸಂಬಳ ಕಟ್. ಕ್ರೆಶ್ ಕೇಳಿದಳು. "ನಮ್ಮಲ್ಲಿ ಹೆಂಗಸರೇ ಹದಿನೆಂಟು ಜನ, ಕ್ರೆಶ್ ಯಾಕಮ್ಮ?" ಅಂದರು ಮ್ಯಾನೇಜರು. ಅವಳು ನನ್ನ ಹತ್ತಿರ ಬಂದಳು. ಎಲ್ಲರನ್ನೂ ಎಣಿಸಿಕೊಂಡು ಬಾ ಅಂದೆ. ಕಟಿಂಗ್‌ನವರು, ಇಸ್ತ್ರಿಯವರು, ಸ್ಟೋರಿನವರು, ಲೆಕ್ಕ ಬರೆಯುವವರು, ಕೊನೆಗೆ ಆ ಮ್ಯಾನೇಜರನ್ನೂ ಸೇರಿಸಿ ಎಣಿಸಿದಳು. ಎಪ್ಪತ್ತು ದಾಟಿತು! ಬರೆದು ಕೊಟ್ಟಳು, ರಸೀದಿಯನ್ನೂ ಕೇಳಿ ತಗೊಂಡಳು. ಜಾಗ ಇಲ್ಲ ಅಂದರು. ಕಾನೂನಿನಲ್ಲಿ ಅದಕ್ಕೂ ದಾರಿ ಇದೆ. ಬೇರೆಯವರ ಜೊತೆ ಸೇರಿಯೂ ಕ್ರೆಶ್ ನಡೆಸಬಹುದು. ಕೊನೆಗೆ ಪಕ್ಕದ ಕಾರ್ಖಾನೆಯವರ ಜೊತೆ ಸೇರಿ ಒಂದು ಕೋಣೆ ಮಾಡಿದರು. ತೊಟ್ಟಿಲು ಬಂತು, ನೋಡಿಕೊಳ್ಳಲು ಒಬ್ಬರು ಆಯಾ ಬಂದರು. ಬೈಯರ್, ಅಂದರೆ ಮಾಲು ಕೊಳ್ಳುವ ಕಂಪನಿ ಕಡೆಯವರು ಬಂದ ದಿನ ಮಾತ್ರ ಬೀರುವಿನಿಂದ ಆಟಿಕೆ ಹೊರಗೆ ತೆಗೆಯುವ ಕ್ರೆಶ್‌ಗಳೂ ಇವೆ. ಅಂಥದ್ದನ್ನು ಒಪ್ಪಬೇಡಿ. ನಿಮ್ಮಲ್ಲೂ ತಲೆ ಎಣಿಸಿ. ಸುಮ್ನೆ ಕೂರಬೇಡಿ.

ಮನೆಯ ಹಿರಿಯರನ್ನು ನೋಡಿಕೊಳ್ಳುವ ಬಗ್ಗೆ ಹೇಳಲು ಜಾಸ್ತಿ ಹೊತ್ತು ಉಳಿದಿಲ್ಲ, ಟೈಮ್ ಆಯ್ತು ಅಂತ ಸ್ಟುಡಿಯೋದವರು ಆಗಲೇ ಕೈ ತೋರಿಸುತ್ತಿದ್ದಾರೆ. ಕೇಂದ್ರ ಸರ್ಕಾರಿ ನೌಕರರು ವರ್ಷದ 30 ದಿನದ ಗಳಿಕೆ ರಜೆಯನ್ನು ವಯಸ್ಸಾದ ತಂದೆ ತಾಯಿಗಾಗಿಯೂ ಬಳಸಬಹುದು. ಖಾಸಗಿ ಕೆಲಸದವರಿಗೆ ಹಿರಿಯರನ್ನು ನೋಡಿಕೊಳ್ಳಲು ಅಂತ ಪ್ರತ್ಯೇಕ ರಜೆ ಕಾನೂನಿನಲ್ಲಿ ಇಲ್ಲ. ಇರಬೇಕಿತ್ತು, ಅಲ್ವಾ? ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಇದ್ದರೆ ನಿಮ್ಮನ್ನೇ ನಂಬಿರುವ ತಂದೆ ತಾಯಿಗೂ ಚಿಕಿತ್ಸೆ ಸಿಗುತ್ತದೆ. ಕಾರ್ಡಿನಲ್ಲಿ ಅವರ ಹೆಸರು ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ. ನಮಸ್ಕಾರ.