ಒಂದೇ ಕೆಲಸದ ಯಂತ್ರ

ಕೇಳುಗರೇ, ನಮಸ್ಕಾರ.

1966ರಲ್ಲಿ ಅಮೆರಿಕದ ಟಿವಿಯಲ್ಲಿ ‘ಸ್ಟಾರ್ ಟ್ರೆಕ್’ ಧಾರಾವಾಹಿ ಶುರುವಾಯಿತು. ಕಥೆ ನಡೆಯುವುದು ಅಲ್ಲಿಂದ ಸುಮಾರು ಮುನ್ನೂರು ವರ್ಷ ಮುಂದೆ. ಅದರಲ್ಲಿ ಮಾತಾಡಲು ಅಂಗೈಯಷ್ಟು ದೊಡ್ಡ ಯಂತ್ರ. ಮುಚ್ಚಳ ತೆರೆದು ಬಾಹ್ಯಾಕಾಶ ಹಡಗಿನವರ ಜೊತೆ ಮಾತಾಡುತ್ತಾರೆ, ಬಹುಮಟ್ಟಿಗೆ ಅಷ್ಟೇ ಅದರ ಕೆಲಸ. ಗಾಳಿ, ಕಲ್ಲು, ಜೀವಿಗಳನ್ನು ಪರೀಕ್ಷಿಸಲು ಹೆಗಲಿಗೆ ನೇತುಹಾಕಿದ ಇನ್ನೊಂದು ಯಂತ್ರ, ಟ್ರೈಕಾರ್ಡರ್.

ಬೆಳಕಿಗಿಂತ ವೇಗದ ಹಡಗು ಕಲ್ಪಿಸಿದವರಿಗೆ ಇವೆರಡನ್ನೂ ಒಂದು ಮಾಡಲು ಯಾಕೆ ತೋಚಲಿಲ್ಲ? ನನಗನಿಸುವುದು, ಕಥೆಗೆ ಅದೇ ಅನುಕೂಲ. ಕೈಯಲ್ಲಿರುವ ವಸ್ತು ನೋಡಿದರೆ ಏನು ನಡೆಯುತ್ತಿದೆ ಅಂತ ತಿಳಿಯುತ್ತದೆ. ಮೊಬೈಲ್ ಹಿಡಿದವರು ಲೆಕ್ಕ ಮಾಡುತ್ತಿದ್ದಾರೋ ಪದ್ಯ ಕೇಳುತ್ತಿದ್ದಾರೋ, ದೂರದಿಂದ ಗೊತ್ತಾಗುವುದಿಲ್ಲ ಅಲ್ವಾ?

ಎಲ್ಲರೂ ಹಾಗೇ ಕಲ್ಪಿಸಲಿಲ್ಲ. ಕಿಸೆಯಲ್ಲಿ ಹಿಡಿಸುವ ಉಪಕರಣದಿಂದ ದೂರದವರನ್ನು ನೋಡುತ್ತಲೇ ಮಾತಾಡಬಹುದು ಅಂತ ವಿದ್ಯುತ್ ವಿಜ್ಞಾನಿ ನಿಕೋಲಾ ಟೆಸ್ಲಾ 1926ರಲ್ಲೇ ಹೇಳಿದ್ದರು. ಊರಿನಲ್ಲಿ ಗೆದ್ದದ್ದು ಅವರ ಮಾತು.

ಕಡಲಿನಲ್ಲಿ ಹಾಗಲ್ಲ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟು ದಡ ಬಿಟ್ಟು ಸ್ವಲ್ಪ ಹೊತ್ತಿಗೆ ಮೊಬೈಲಿನ ಟವರ್ ಹೋಗುತ್ತದೆ. ಆಮೇಲೆ ಉಳಿಯುವುದು ವಯರ್‌ಲೆಸ್. ಗುಂಡಿ ಒತ್ತಿದರೆ ಮಾತು, ಬಿಟ್ಟರೆ ಕೇಳುವುದು. ಆದರೆ ಅದರ ದೊಡ್ಡ ಗುಣ ಬೇರೆ. ಮೊಬೈಲಿನಲ್ಲಿ ನಮ್ಮ ಕರೆ ಒಬ್ಬರಿಗೆ ಮಾತ್ರ ಹೋಗುತ್ತದೆ, ಅವರು ಎತ್ತಬೇಕು. ವಯರ್‌ಲೆಸ್‌ನ 16ನೇ ಚಾನೆಲ್‌ನಲ್ಲಿ ಕೂಗಿದರೆ ಸುತ್ತಮುತ್ತ ಸೆಟ್ ತೆರೆದಿಟ್ಟ ಬೋಟಿನವರಿಗೆಲ್ಲ ಕೇಳುತ್ತದೆ. ಯಾರು ಹತ್ತಿರವಿದ್ದಾರೆ ಅಂತ ನಮಗೆ ಗೊತ್ತಿರಬೇಕಾಗಿಲ್ಲ. ಎಂಜಿನ್ ಕೆಟ್ಟು, ಬೋಟಿಗೆ ನೀರು ನುಗ್ಗುವಾಗ ಇದಕ್ಕಿಂತ ಬೇಕಾದದ್ದು ಇನ್ನೇನು?

ವಯರ್‌ಲೆಸ್ಸೂ ಮುಟ್ಟದ ದೂರಕ್ಕೆ ಇಸ್ರೋ ರೂಪಿಸಿದ ಡ್ಯಾಟ್ ಇದೆ, ಆಪತ್ತಿನ ಸಂದೇಶ ಕಳಿಸುವ ಯಂತ್ರ. ಆಪತ್ತಿನಲ್ಲಿ ಗುಂಡಿ ಒತ್ತಿದರೆ, ಬೋಟು ಎಲ್ಲಿದೆ ಅನ್ನುವುದು ಉಪಗ್ರಹದ ಮೂಲಕ ಕೋಸ್ಟ್ ಗಾರ್ಡ್‌ನವರಿಗೆ ಹೋಗುತ್ತದೆ. ಹೊಸ ಮಾದರಿಯಲ್ಲಿ ‘ನಿಮ್ಮ ಸಂದೇಶ ಬಂದಿದೆ’ ಅಂತ ಮರುತ್ತರವೂ ಬರುತ್ತದೆ. ಅದಕ್ಕೆ ಬರುವ ಚಂಡಮಾರುತದ ಎಚ್ಚರಿಕೆಯನ್ನು ಬ್ಲೂಟೂತ್‌ನಲ್ಲಿ ಮೊಬೈಲಿಗೆ ದಾಟಿಸಿ ನಮ್ಮ ಭಾಷೆಯಲ್ಲೇ ಓದಬಹುದು. ಈ ಜೋಡಣೆ ನನಗೆ ತುಂಬಾ ಇಷ್ಟ. ಓದುವ ಕೆಲಸ ಮೊಬೈಲಿಗೆ, ಜೀವ ಉಳಿಸುವ ಗುಂಡಿ ಮಾತ್ರ ಬೇರೆಯೇ. ಹಾಡು ಕೇಳಿ, ವಿಡಿಯೋ ನೋಡಿ ಮೊಬೈಲಿನ ಚಾರ್ಜ್ ಮುಗಿದರೂ ಆ ಗುಂಡಿಗೆ ಏನೂ ಆಗುವುದಿಲ್ಲ.

ಮುಂದೆ ಎಲ್ಲವನ್ನೂ ಒಂದೇ ಯಂತ್ರಕ್ಕೆ ತುಂಬುವವರು ಬರುತ್ತಾರೆ. ಬರಲಿ. ಈ ಗುಂಡಿಯನ್ನು ಮಾತ್ರ ಅದರೊಳಗೆ ಸೇರಿಸಬಾರದು.

ಮಳೆಗಾಲದ ರಜೆ ಮುಗಿದು ಆಗಸ್ಟ್‌ನಲ್ಲಿ ಬೋಟುಗಳು ಇಳಿಯುತ್ತವೆ. ನಿಮ್ಮ ಮನೆಯಿಂದ ಯಾರಾದರೂ ಮೀನಿಗೆ ಹೋಗುವವರಿದ್ದರೆ, ಡ್ಯಾಟ್‌ನ ಬ್ಯಾಟರಿ ನೋಡಿದ್ದೀರಾ ಅಂತ ಹೊರಡುವ ಮೊದಲೇ ಕೇಳಿಬಿಡಿ. ನಮಸ್ಕಾರ.