ಮೇಷ್ಟ್ರ ಕಾಲಿಗೆ ಬಾಣ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ, ಅದೂ ಬಸವನಗುಡಿಯಲ್ಲಿ, ದೋಸೆ ಬಿಟ್ಟು ಗ್ರೀಕ್ ಪುರಾಣ ಕೇಳೋಕೆ ಬಂದಿದ್ದೀರಿ. ಪೀಠಿಕೆ ಬೇಡ, ಕಥೆಗೇ ಹೋಗೋಣ.

ಹೈಸ್ಕೂಲ್ ಮೇಷ್ಟ್ರೊಬ್ಬರು ಪಾಠ ಮಾಡುತ್ತಿದ್ದಾರೆ. ಅವರ ಕಾಲಿಗೆ ಬಾಣ ನಾಟುತ್ತದೆ. ಇಡೀ ಕ್ಲಾಸು ನಗುತ್ತದೆ. ಮೇಷ್ಟ್ರು ಕುಂಟುತ್ತಾ ಹೊರಟು, ಗ್ಯಾರೇಜಿನ ಮೆಕ್ಯಾನಿಕ್ ಕೈಯಲ್ಲಿ ಬಾಣ ತೆಗೆಸಿಕೊಂಡು, ಮತ್ತೆ ಪಾಠಕ್ಕೆ ವಾಪಸ್ ಬರುತ್ತಾರೆ. ಅದು ನಿಜವಾದ ಬಾಣವೋ, ಹುಡುಗರ ಗೇಲಿಯೋ? ಕಾದಂಬರಿಕಾರ ಬಾಯಿ ಬಿಡುವುದಿಲ್ಲ.

ಇದು ಅಮೆರಿಕದ ಜಾನ್ ಅಪ್‌ಡೈಕ್ 1963ರಲ್ಲಿ ಪ್ರಕಟಿಸಿದ ‘ದಿ ಸೆಂಟಾರ್’ ಕಾದಂಬರಿಯ ಶುರು. ಕಥೆಯ ಕಾಲ 1947ರ ಜನವರಿ. ಜಾಗ ಪೆನ್ಸಿಲ್ವೇನಿಯಾದ ಒಂದು ಕಲ್ಪಿತ ಊರು. ಮೇಷ್ಟ್ರ ಹೆಸರು ಜಾರ್ಜ್ ಕಾಲ್ಡ್‌ವೆಲ್. ಮಗ ಪೀಟರ್ ಅದೇ ಶಾಲೆಯಲ್ಲಿ ಓದುತ್ತಾನೆ. ಪಾಪ, ಅಪ್ಪ ಮೇಷ್ಟ್ರಾಗಿರುವ ಶಾಲೆಯಲ್ಲಿ ಓದಿದವರಿಗೆ ಆ ಕಷ್ಟ ಗೊತ್ತು. ಅಪ್‌ಡೈಕ್ ತಂದೆಯೂ ಹೈಸ್ಕೂಲ್ ಮೇಷ್ಟ್ರೇ.

ಈಗ ಪುರಾಣ. ಕೈರಾನ್ ಒಬ್ಬ ಸೆಂಟಾರ್, ಅಂದರೆ ಸೊಂಟದ ಮೇಲೆ ಮನುಷ್ಯ, ಕೆಳಗೆ ಕುದುರೆ. ಅಕಿಲೀಸ್, ಜೇಸನ್ ಅಂಥ ವೀರರಿಗೆಲ್ಲ ಗುರು. ಒಂದು ಸಲ ಮಹಾವೀರ ಹೆರಾಕ್ಲೀಸ್ ಬಿಟ್ಟ ವಿಷದ ಬಾಣ ತಪ್ಪಿ ಅವನಿಗೆ ತಗಲುತ್ತದೆ. ಅವನಿಗೆ ಸಾವಿಲ್ಲ, ಹಾಗಾಗಿ ನೋವಿಗೂ ಕೊನೆಯಿಲ್ಲ. ಕಡೆಗೆ, ದೇವತೆಗಳಿಂದ ಬೆಂಕಿ ಕದ್ದು ಮನುಷ್ಯರಿಗೆ ಕೊಟ್ಟು ಶಿಕ್ಷೆ ಅನುಭವಿಸುತ್ತಿದ್ದ ಪ್ರೊಮಿಥಿಯಸ್‌ಗಾಗಿ ತನ್ನ ಅಮರತ್ವವನ್ನು ಬಿಟ್ಟುಕೊಟ್ಟು ಸಾಯುತ್ತಾನೆ. ನಮಗೆ ತಟ್ಟನೆ ಭೀಷ್ಮ ನೆನಪಾಗುತ್ತಾನೆ, ಅಲ್ವಾ? ಇಲ್ಲೂ ಬಾಣ, ಇಲ್ಲೂ ತಾನಾಗಿ ಒಪ್ಪಿಕೊಂಡ ಸಾವು. ಆದರೆ ಭೀಷ್ಮ ಕಾದಿದ್ದು ಉತ್ತರಾಯಣಕ್ಕೆ. ಕೈರಾನ್ ಸತ್ತಿದ್ದು ಇನ್ನೊಬ್ಬನ ಬಿಡುಗಡೆಗೆ.

ಕಾದಂಬರಿಯಲ್ಲಿ ಕಾಲ್ಡ್‌ವೆಲ್ ಕೈರಾನ್, ಪೀಟರ್ ಪ್ರೊಮಿಥಿಯಸ್. ಹೆಣ್ಣುಗಳ ಮೇಲೆ ಕಣ್ಣು ಹಾಕುವ, ಎಲ್ಲರನ್ನೂ ನಡುಗಿಸುವ ಪ್ರಿನ್ಸಿಪಾಲ್ ದೇವತೆಗಳ ರಾಜ ಜ್ಯೂಸ್. ಗ್ಯಾರೇಜಿನ ಕುಂಟ ಮೆಕ್ಯಾನಿಕ್ ದೇವತೆಗಳ ಕಮ್ಮಾರ ಹೆಫೆಸ್ಟಸ್. ಅವನ ಹೆಂಡತಿ ಪ್ರೇಮದ ದೇವತೆ ಅಫ್ರೋಡೈಟಿ, ಅದೇ ಶಾಲೆಯ ವ್ಯಾಯಾಮದ ಟೀಚರ್.

ಸುಮ್ನೆ ವೇಷ ಹಾಕಿಸಿದ ಹಾಗಾಯಿತಲ್ಲ ಅಂತ ಕೇಳಬಹುದು. ನನ್ನ ಮಾತು ಇರುವುದೇ ಇಲ್ಲಿ. ನಮ್ಮಲ್ಲಿ ಪುರಾಣವನ್ನು ಹೊಸದು ಮಾಡಿದವರು ಬೇರೆ ದಾರಿ ಹಿಡಿದರು. ಇದೇ ಊರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿದ ಬಿ.ಎಂ.ಶ್ರೀ 1929ರಲ್ಲಿ ‘ಅಶ್ವತ್ಥಾಮನ್’ ನಾಟಕ ಕೊಟ್ಟರು. ಗ್ರೀಕ್ ನಾಟಕಕಾರ ಸೊಫೊಕ್ಲೀಸನ ವೀರ ಏಜಾಕ್ಸ್‌ನ ಹುಚ್ಚು, ಅವಮಾನ ಎರಡನ್ನೂ ತಂದು ಮಹಾಭಾರತದೊಳಗೆ ಇಟ್ಟರು. ಪುರಾಣದಿಂದ ಪುರಾಣಕ್ಕೆ ಸಾಗಿಸಿದರು. ಎಸ್.ಎಲ್. ಭೈರಪ್ಪ ‘ಪರ್ವ’ದಲ್ಲಿ, 1979ರಲ್ಲಿ, ಕಥೆಯನ್ನು ಕುರುಕ್ಷೇತ್ರದಲ್ಲೇ ಬಿಟ್ಟು ಪವಾಡವನ್ನು ತೆಗೆದುಹಾಕಿದರು. ಕುಂತಿ, ದ್ರೌಪದಿ ನಮ್ಮ ನಿಮ್ಮಂಥ ಮನುಷ್ಯರಾದರು. ಅಪ್‌ಡೈಕ್ ಮಾಡಿದ್ದು ಇದರ ಉಲ್ಟಾ. ಪವಾಡ ಹಾಗೇ ಇದೆ, ಕುರುಕ್ಷೇತ್ರ ಹೋಯಿತು. ಸ್ಟಾಫ್ ರೂಮು, ಕೆಟ್ಟ ಕಾರು, ತಿಂಗಳ ಖರ್ಚು ಬಂದವು.

ಹೀಗೆ ಮಾಡುವ ಹಕ್ಕು ಅವರಿಗೆ ಎಲ್ಲಿಂದ ಬಂತು? ಮಗನಿಂದ. ಬಹುಪಾಲು ಕಥೆ ಪೀಟರ್ ನೆನಪಿಸಿಕೊಂಡದ್ದು. ಮಕ್ಕಳ ಕಣ್ಣಿಗೆ ಹೆಡ್‌ಮಾಸ್ಟರು ನಿಜವಾಗಿಯೂ ಗುಡುಗುವ ದೇವರೇ. ಅಪ್ಪನ ಹೊಟ್ಟೆನೋವು ಲೋಕದ ಕೊನೆಯೇ. ದೊಡ್ಡವರಾದ ಮೇಲೆ ನಾವು ಇವರನ್ನೆಲ್ಲ ಅಳತೆಗೆ ಇಳಿಸಿಬಿಡುತ್ತೇವೆ. ಅಪ್‌ಡೈಕ್ ಇಳಿಸಲಿಲ್ಲ.

ಗ್ಲೌಸಿನ ಪ್ರಸಂಗ ನೋಡಿ. ಪೀಟರ್ ಅಪ್ಪನಿಗೆ ಕ್ರಿಸ್‌ಮಸ್‌ಗೆ ಒಳ್ಳೆಯ ಗ್ಲೌಸು ಕೊಟ್ಟಿರುತ್ತಾನೆ. ಅಪ್ಪ ಹಾಕಿಕೊಳ್ಳುವುದೇ ಇಲ್ಲ, ಕಾರಿನಲ್ಲೇ ಇಟ್ಟಿರುತ್ತಾರೆ. ನಮ್ಮ ಮನೆಗಳಲ್ಲಿ ಮಕ್ಕಳು ಕೊಟ್ಟ ಶರ್ಟು ಕವರಿನಲ್ಲೇ ಬೀರುವಿನಲ್ಲಿ ಇರುವಂತೆ! ಒಂದು ದಿನ ದಾರಿಯಲ್ಲಿ ಯಾವನೋ ಅಪರಿಚಿತನಿಗೆ ಅಪ್ಪ ಲಿಫ್ಟ್ ಕೊಡುತ್ತಾರೆ. ಅವನು ಗ್ಲೌಸು ಎತ್ತಿಕೊಂಡು ಹೋಗುತ್ತಾನೆ. ಮಗನಿಗೆ ಸಿಟ್ಟು. ಅಪ್ಪನಿಗೆ ಅವನ ಮೇಲೆ ಕೋಪವೇ ಇಲ್ಲ. ಇಂಥ ಮನುಷ್ಯನ ಜೊತೆ ಸಂಸಾರ ಮಾಡುವುದು ಸುಲಭವಲ್ಲ. ತ್ಯಾಗ ಅನ್ನುವುದು ಮನೆಯವರಿಗೆ ಎಷ್ಟು ಕಿರಿಕಿರಿ ಅಂತ ಇಷ್ಟು ಚೆನ್ನಾಗಿ ಹೇಳಿದ ಪುಸ್ತಕ ನಾನು ಜಾಸ್ತಿ ಓದಿಲ್ಲ. ಮುಂದೆ ಪೀಟರ್ ನ್ಯೂಯಾರ್ಕಿನಲ್ಲಿ ಚಿತ್ರಕಾರನಾಗುತ್ತಾನೆ, ಅಂಥ ದೊಡ್ಡ ಚಿತ್ರಕಾರನೇನಲ್ಲ. ಅಪ್ಪ ಬದುಕು ತೇಯ್ದದ್ದು ಇದಕ್ಕೇನಾ ಅನ್ನುವ ಪ್ರಶ್ನೆ ಅವನನ್ನು ಬಿಡುವುದಿಲ್ಲ.

ನನಗೆ ಒಂದು ತಕರಾರಿದೆ. ಪುಸ್ತಕದ ಕೊನೆಯಲ್ಲಿ ಯಾವ ದೇವರು ಯಾವ ಪುಟದಲ್ಲಿ ಅಂತ ಅಕಾರಾದಿ ಪಟ್ಟಿ ಹಾಕಿದ್ದಾರೆ. ಓದುಗರು ಪರೀಕ್ಷೆಗೆ ಕೂತ ಹಾಗಾಗುತ್ತದೆ. ಆ ಪುಟಗಳನ್ನು ಮೊದಲು ತೆರೆಯಬೇಡಿ.

ಇನ್ನು ಮೇಷ್ಟ್ರ ಸಾವು. ನಡುವಿನ ಒಂದು ಅಧ್ಯಾಯ ಅವರ ನಿಧನದ ಪತ್ರಿಕಾ ಬರಹದ ರೂಪದಲ್ಲಿದೆ. ಆದರೆ ಹೊಟ್ಟೆನೋವಿಗೆ ತೆಗೆಸಿದ ಎಕ್ಸ್‌ರೇಯಲ್ಲಿ ಏನೂ ಸಿಗುವುದಿಲ್ಲ. ಕಡೆಯ ಅಧ್ಯಾಯದಲ್ಲಿ ಅವರು ಹಿಮದಲ್ಲಿ ಕಾರಿನ ಕಡೆಗೆ ನಡೆಯುತ್ತಾರೆ, ಶಾಲೆಗೆ ಹೋಗಬೇಕು. ಅಲ್ಲಿಯೇ ಕೈರಾನ್ ಸಾವನ್ನು ಒಪ್ಪಿಕೊಳ್ಳುತ್ತಾನೆ. ಮೇಷ್ಟ್ರು ಸತ್ತರು ಅನ್ನುವ ಓದುಗರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಅವರು ಕೆಲಸಕ್ಕೆ ಹೋದರು. ಮಗ ಓದಬೇಕಲ್ಲ, ಮನೆ ನಡೆಯಬೇಕಲ್ಲ. ಅಮರತ್ವ ಬಿಟ್ಟುಕೊಡುವುದು ಅಂದರೆ ಇಲ್ಲಿ ಇನ್ನಷ್ಟು ವರ್ಷ ಅದೇ ಕ್ಲಾಸಿಗೆ ಹೋಗಿ ನಿಲ್ಲುವುದು.

ಸಭೆಯಲ್ಲಿ ಮೇಷ್ಟ್ರುಗಳು, ಟೀಚರ್‌ಗಳು ಕಾಣುತ್ತಿದ್ದೀರಿ. ನೀವು ಯಾವ ಕಡೆ, ಹೇಳಿ. ಮೈಕು ಹಿಂದಿನ ಸಾಲಿಗೆ ಕೊಡಿ, ಅವರು ಆಗಲೇ ಕೈ ಎತ್ತಿದ್ದಾರೆ.